ಕಂಬದ ನಂಬರ್ ಬರ್ಕೊಳ್ಳಿ ಸರ್

ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾನು ಗ್ರಂಥಾಲಯ ಮೇಲ್ವಿಚಾರಕಿ. ಸಂಜೆಯಾದರೆ ನಮ್ಮ ಟೇಬಲ್ ಸುತ್ತ ಹದಿನೈದಿಪ್ಪತ್ತು ಹುಡುಗ ಹುಡುಗಿಯರು ಇರುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವವರೇ ಜಾಸ್ತಿ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ, ಗ್ರಾಮ ಸಭೆಯ ಬಗ್ಗೆ ಹೇಳುವ 243ಎ ವಿಧಿ, ಪಂಚಾಯಿತಿಗೆ ವಹಿಸಬಹುದಾದ 11ನೇ ಅನುಸೂಚಿಯ 29 ವಿಷಯಗಳು, ಎಲ್ಲ ಬಾಯಲ್ಲೇ ಇದೆ. 2023ರಲ್ಲಿ ಒಂದು ಸಂಜೆ ಕೇಳಿದೆ, "ನಿಮ್ಮಲ್ಲಿ ಯಾರು ಗ್ರಾಮ ಸಭೆಗೆ ಹೋಗಿದ್ದೀರಿ?" ಒಬ್ಬರೂ ಕೈ ಎತ್ತಲಿಲ್ಲ. ಸಭೆ ನಡೆಯೋದು ನಮ್ಮ ಪಕ್ಕದ ಕಟ್ಟಡದಲ್ಲೇ.

ಈಗಿನ ಹುಡುಗರಿಗೆ ಆಸಕ್ತಿ ಇಲ್ಲ ಅಂತ ಬೈದು ಬಿಡೋದು ಸುಲಭ. ನನಗೆ ಹಾಗೆ ಅನ್ನಿಸಲಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಸಭೆ ಇಡೋದು ಕಾಲೇಜಿರುವ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಹೋದರೂ "ನಿನಗ್ಯಾಕೆ ಇದೆಲ್ಲ, ಓದ್ಕೋ ಹೋಗು" ಅಂತಾರೆ. ಚುನಾವಣೆ ಬಂದಾಗ ಮಾತ್ರ ಬೈಕ್ ರ‍್ಯಾಲಿಗೆ ಕರೆಯುತ್ತಾರೆ, ಪೆಟ್ರೋಲ್ ಹಾಕಿಸುತ್ತಾರೆ, ಬಾಡೂಟ ಹಾಕುತ್ತಾರೆ. ವೋಟು ಮುಗಿದ ಮೇಲೆ ಕೇಳುವವರಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆಯಂತೂ ಆಗ 2016ರಿಂದ ನಡೆದೇ ಇರಲಿಲ್ಲ.

ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವ ಹುಡುಗನೊಬ್ಬ ಎಲ್ಲರೂ ಹೋಗುವವರೆಗೆ ಕಾದು ಹೇಳಿದ, "ಅಕ್ಕಾ, ಎಲ್ಲಾದ್ರೂ ಗಲಾಟೆ ಆಗಿ ಕೇಸ್ ಬಿದ್ರೆ ಪೊಲೀಸ್ ವೆರಿಫಿಕೇಶನ್‌ನಲ್ಲೇ ಕೆಲಸ ಹೋಗುತ್ತೆ. ನಮ್ಮಪ್ಪ ಸಾಲ ಮಾಡಿ ಓದಿಸ್ತಾ ಇದಾರೆ." ಈ ಭಯ ನನಗೆ ಹೊಳೆದೇ ಇರಲಿಲ್ಲ. ಅವನ ಮಾತಿನಲ್ಲಿ ತಪ್ಪೇನಿದೆ?

ಮೊದಲ ಸಲ ಹನ್ನೆರಡು ಜನರನ್ನು ಹುರಿದುಂಬಿಸಿ ಕರೆದುಕೊಂಡು ಹೋದೆ. ಅದು ಕೆಟ್ಟಿತು. ಒಬ್ಬ ರಸ್ತೆ ಅಂದ, ಇನ್ನೊಬ್ಬ ನೀರು ಅಂದ, ದೊಡ್ಡವರೊಬ್ಬರು ಮೈಕ್ ತಗೊಂಡರು, ಅಲ್ಲಿಗೆ ಮುಗಿಯಿತು. ಮುಂದಿನ ಸಭೆಗೆ ಬಂದವರು ಮೂವರೇ. ತಯಾರಿ ಮಾಡಿಸದೆ ಕರೆದುಕೊಂಡು ಹೋಗಿದ್ದು ನನ್ನದೇ ತಪ್ಪು.

ಆಮೇಲೆ ಒಂದೇ ವಿಷಯ ಹಿಡಿದೆವು. ಕಾಲೇಜಿಗೆ ಹೋಗುವ ಹುಡುಗಿಯರು ಸಂಜೆ ಏಳರ ಬಸ್ಸಿಗೆ ಇಳಿದು ಕಾಲೊನಿವರೆಗೆ ಕತ್ತಲಲ್ಲಿ ನಡೆದು ಬರಬೇಕಿತ್ತು. ಬೀದಿ ದೀಪ ಪಂಚಾಯಿತಿಯದೇ ಕೆಲಸ, ಅದನ್ನು ಕೇಳಲು ಯಾರ ಜೊತೆಗೂ ಜಗಳ ಬೇಕಿಲ್ಲ. ನಾಲ್ಕು ಜನ ನೋಟ್‌ಬುಕ್ ಹಿಡಿದು ಹೊರಟರು. ಒಬ್ಬಳು ಮೊಬೈಲ್ ಟಾರ್ಚ್ ಹಾಕಿ ಕಂಬದ ನಂಬರ್ ಓದಿದಳು, ಇನ್ನೊಬ್ಬಳು ಬರೆದುಕೊಂಡಳು. 22 ಕಂಬ, 9ರಲ್ಲಿ ದೀಪ ಇಲ್ಲ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ವಾರ್ಡ್ ಸಭೆಯನ್ನು ಭಾನುವಾರ ಸಂಜೆ ಇಡಿ ಅಂತ ಅಧ್ಯಕ್ಷರನ್ನು ಕೇಳಿಕೊಂಡೆ, ಒಪ್ಪಿದರು.

ಸಭೆಯಲ್ಲಿ ಬಿ.ಎ. ಓದುವ ಹುಡುಗಿ ಎದ್ದು ನಿಂತಳು. ಕೈಲಿದ್ದ ಹಾಳೆ ನಡುಗುತ್ತಿತ್ತು. ನಾನು ಅವಳಿಗೆ ಹೇಳಿದ್ದು ಒಂದೇ ಮಾತು: ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡ. ಓದಿ ಮುಗಿಸಿದಳು. "ನೋಡೋಣ ಕೂತ್ಕೊಳಮ್ಮ" ಅಂದರು ಸಭೆ ನಡೆಸುತ್ತಿದ್ದವರು. ಅವಳು ಕೂರಲಿಲ್ಲ. "ಕಂಬದ ನಂಬರ್ ಬರ್ಕೊಳ್ಳಿ ಸರ್" ಅಂದಳು. ಯಾರೋ ನಕ್ಕರು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು, "ಬರ್ಕೊಳ್ರಪ್ಪ, ಮಗು ಸರಿಯಾಗೇ ಹೇಳ್ತೈತೆ" ಅಂದರು. ಒಂಬತ್ತು ನಂಬರೂ ಪುಸ್ತಕಕ್ಕೆ ಬಂತು. ನನಗೆ ಕಣ್ಣು ತುಂಬಿ ಬಂದಿತ್ತು.

ಏಳು ದೀಪ ಹತ್ತಿದವು. ಇನ್ನೆರಡಕ್ಕೆ ಹೊಸ ಲೈನ್ ಎಳೀಬೇಕು ಅಂತಾರೆ, ಇನ್ನೂ ಆಗಿಲ್ಲ. ಆದರೆ ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದುವಾಗ ಆ ಎರಡು ಕಂಬದ ನಂಬರ್ ಕೇಳಿಸಿತಲ್ಲ, ಆಗ ಹುಡುಗರ ಮುಖ ನೋಡಬೇಕಿತ್ತು. ತಾವು ಆಡಿದ ಮಾತು ಪುಸ್ತಕದಲ್ಲಿ ಉಳಿದಿದೆ ಅಂತ ಅವರಿಗೆ ಗೊತ್ತಾಗಿದ್ದು ಆಗಲೇ. ನಾನು ಎಷ್ಟು ಭಾಷಣ ಮಾಡಿದ್ದರೂ ಇದು ಆಗುತ್ತಿರಲಿಲ್ಲ.

ಈಗ ಆ ಟೇಬಲ್ ಮೇಲೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6 ಕೂಡ ಇರುತ್ತದೆ. 17 ತುಂಬಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು, ಹೆಸರು ಸೇರುವುದು 18 ತುಂಬಿದ ಮೇಲೆ, ಅದನ್ನು ಲೆಕ್ಕ ಹಾಕಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ. ದೊಡ್ಡವರೇ ಚಿಕ್ಕವರಿಗೆ ತುಂಬಿಸಿಕೊಡುತ್ತಾರೆ.

ಕಾನ್‌ಸ್ಟೇಬಲ್ ಪರೀಕ್ಷೆಯ ಆ ಹುಡುಗ ಸಭೆಯಲ್ಲಿ ಇವತ್ತಿಗೂ ಮಾತಾಡುವುದಿಲ್ಲ. ನಾನೂ ಒತ್ತಾಯ ಮಾಡುವುದಿಲ್ಲ. ಆದರೆ ಈಗ ಪಂಚಾಯಿತಿಗೆ ಹೋಗುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ಅವನ ದುಂಡು ಅಕ್ಷರದಲ್ಲೇ ಇರುತ್ತವೆ.