ಅರ್ತ್ ಇಲ್ಲದ ಫನಲ್

ಮಾಲೂರು ಕೈಗಾರಿಕಾ ಪ್ರದೇಶದ ಚಿಕ್ಕ ಘಟಕವೊಂದರಲ್ಲಿ ನಿರ್ವಹಣೆಯ ಹೊಣೆ ನನ್ನದು. ಅಚ್ಚುಗಳ ರಿಪೇರಿಗೆ ಬೇಕಾಗುವ, ಅಲ್ಯೂಮಿನಿಯಂ ಪುಡಿ ಬೆರೆಸಿದ ಎಪಾಕ್ಸಿ ಪುಟ್ಟಿಯನ್ನು ಅಲ್ಲಿ ತಯಾರಿಸುತ್ತೇವೆ. ಎಪಾಕ್ಸಿ ಎಂಬ ಅಂಟು ರಾಳದೊಳಗೆ ಸೇರಿಹೋದ ಪುಡಿಯಿಂದ ಹೆಚ್ಚಿನ ಆತಂಕವಿಲ್ಲ. ಒಣ ಪುಡಿಯನ್ನು ಸುರಿಯುವಾಗ ಏಳುವ ಧೂಳಿನದೇ ಭಯ.

ಕೋಲಾರದ ಕಡೆ ಚಳಿಗಾಲದ ಹವೆ ಚೆನ್ನಾಗಿ ಒಣಗಿದ್ದ ಒಂದು ದಿನ ನಮ್ಮ ಹುಡುಗ, "ಅಣ್ಣಾ, ಫನಲ್ ಮುಟ್ಟಿದ್ರೆ ಚುರುಕ್ ಅಂತೈತೆ" ಎಂದ. ನಗುತ್ತಲೇ ಹೇಳಿದ ಆ ಮಾತಿಗೆ ನಾನು ಕೆಲಸ ನಿಲ್ಲಿಸಿದೆ. ಆ ಚುರುಕ್ ಎಂದರೆ ಸ್ಥಿರ ವಿದ್ಯುತ್ತಿನ ಕಿಡಿ. ಮನುಷ್ಯನ ಮೈಯ ವಿದ್ಯುತ್ ಧಾರಕತೆಯನ್ನು, ಅಂದರೆ ವಿದ್ಯುದಂಶವನ್ನು ಹಿಡಿದಿಡುವ ಸಾಮರ್ಥ್ಯವನ್ನು, 150 ಪಿಕೋಫ್ಯಾರಡ್ ಎಂದು ಹಿಡಿದು ಲೆಕ್ಕ ಹಾಕಿದರೆ, 10,000 ವೋಲ್ಟ್ ಏರಿದ ಮೈಯಿಂದ ಹಾರುವ ಕಿಡಿಯಲ್ಲಿ ಸುಮಾರು 7.5 ಮಿಲಿಜೌಲ್ ಶಕ್ತಿ ಇರುತ್ತದೆ, ಮತ್ತು ಬಹಳ ನಯವಾದ ಅಲ್ಯೂಮಿನಿಯಂ ಧೂಳು ಗಾಳಿಯಲ್ಲಿ ಹರಡಿದ್ದಾಗ ಹೊತ್ತಿಕೊಳ್ಳಲು ಅಷ್ಟು ಸಾಕಾಗಬಹುದು.

ಪುಡಿಯನ್ನೆಲ್ಲ ಮುಚ್ಚಿಟ್ಟು, ಧೂಳು ಒರೆಸಿದ ಮೇಲೆ ಮಲ್ಟಿಮೀಟರ್ ಹಿಡಿದು ಹೊರಟೆ. ಡ್ರಮ್ಮಿಗೆ ಅರ್ತ್ ವೈರ್ ಇತ್ತು, ಆದರೆ ಅದರ ಕ್ಲಾಂಪ್ ಪೇಂಟಿನ ಮೇಲೆ ಕುಳಿತಿತ್ತು. ಸ್ಟೀಲ್ ಫನಲ್ ರಬ್ಬರ್ ಗ್ಯಾಸ್ಕೆಟ್ಟಿನ ಮೇಲಿದ್ದುದರಿಂದ ಅದಕ್ಕೂ ನೆಲಕ್ಕೂ ಸಂಪರ್ಕವೇ ಇರಲಿಲ್ಲ. ಪಾಲಿಥಿನ್ ಚೀಲದಿಂದ ಜಾರುವ ಪುಡಿ ತಂದ ವಿದ್ಯುದಂಶವೆಲ್ಲ ಅಲ್ಲೇ ಕೂಡಿಕೊಂಡು, ಯಾರಾದರೂ ಮುಟ್ಟಲೆಂದು ಕಾಯುತ್ತಿತ್ತು. ಪ್ಲಾಸ್ಟಿಕ್ ಫನಲ್ ಹಾಕಿದರೆ ತೊಂದರೆ ತಪ್ಪುತ್ತದೆಂದು ಒಬ್ಬರು ಸೂಚಿಸಿದರು. ಅದರ ವಿದ್ಯುದಂಶವನ್ನು ಅರ್ತ್ ವೈರಿನಿಂದಲೂ ಇಳಿಸಲಾಗದು ಎಂದು ನಾನು ಒಪ್ಪಲಿಲ್ಲ. ನೀರು ಚಿಮುಕಿಸಿ ತೇವ ಹೆಚ್ಚಿಸುವ ಸಲಹೆಯಂತೂ ಇನ್ನೂ ಅಪಾಯದ್ದು, ಏಕೆಂದರೆ ಒದ್ದೆಯಾದ ಅಲ್ಯೂಮಿನಿಯಂ ಪುಡಿ ಹೈಡ್ರೋಜನ್ ಬಿಡಬಲ್ಲದು.

ಪೇಂಟ್ ಕೆರೆದು, ಚೂಪು ಹಲ್ಲಿನ ಕ್ಲಾಂಪ್ ಹಾಕಿ, ಫನಲ್, ಡ್ರಮ್ ಮತ್ತು ಮಿಕ್ಸರ್ ಪಾತ್ರೆಯನ್ನು ಒಂದಕ್ಕೊಂದು ಜೋಡಿಸಿ ಅರ್ತಿಗೆ ಸೇರಿಸಿದೆವು. ಎಲ್ಲೆಡೆ ವಿದ್ಯುತ್ ರೋಧ 10 ಓಮ್‌ಗಿಂತ ಕಡಿಮೆ ಬರುವವರೆಗೂ ಬಿಡಲಿಲ್ಲ. ಹುಡುಗರಿಗೆ ಹತ್ತಿ ಬಟ್ಟೆಯ ಸಮವಸ್ತ್ರವೂ, ಮೈಯ ವಿದ್ಯುದಂಶವನ್ನು ನೆಲಕ್ಕಿಳಿಸುವ ಆಂಟಿಸ್ಟ್ಯಾಟಿಕ್ ಬೂಟುಗಳೂ ಬಂದವು. ಇಲ್ಲಿ ನಾನೇ ಎಡವಿದೆ: ನೆಲದ ಎಪಾಕ್ಸಿ ಲೇಪನವೇ ವಿದ್ಯುತ್ ಹರಿಯಗೊಡದಿರುವಾಗ ಬೂಟು ಒಂದರಿಂದ ಪ್ರಯೋಜನವಿಲ್ಲವೆಂಬುದು ಹೊಳೆಯಲಿಲ್ಲ. ಮತ್ತೆ ಚುರುಕ್ ಎಂದಮೇಲೆಯೇ ಮಿಕ್ಸರ್ ಮುಂದೆ ಅರ್ತ್ ಮಾಡಿದ ವಾಹಕ ಮ್ಯಾಟ್ ಹಾಸಿದ್ದು.

ಈಗ ಚೀಲವನ್ನು ಕೊಡವುವಂತಿಲ್ಲ. ರಾಳವನ್ನು ಮೊದಲು ಹಾಕಿ, ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತೇವೆ. ಪಕ್ಕದಲ್ಲಿರುವುದು ಲೋಹದ ಬೆಂಕಿಗೆಂದೇ ಇರುವ ಒಣ ಪುಡಿಯ ಡಿ ವರ್ಗದ ಸಿಲಿಂಡರ್, ನೀರಿನ ಬಕೆಟ್ ಅಲ್ಲ. ಪ್ರತಿ ಸೋಮವಾರ ಕ್ಲಾಂಪುಗಳ ಓಮ್ ಅಳತೆಯನ್ನು ಪುಸ್ತಕದಲ್ಲಿ ಬರೆಯುವ ಕೆಲಸವನ್ನು, ಮೊದಲು ದೂರು ಹೇಳಿದ ಆ ಹುಡುಗನಿಗೇ ವಹಿಸಿದ್ದೇನೆ.