ಬಿಸಿ ಎಲ್ಲಿದೆಯೋ ಫ್ಯೂಸ್ ಅಲ್ಲಿರಬೇಕು

ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸಿಗೆ ತನ್ನ ಮೈಬಿಸಿ ಒಂದು ಬಿಟ್ಟರೆ ಬೇರೇನೂ ತಿಳಿಯದು. ಎರಡು ಬೆರಳು ಆಚೆ ಕಾಯಿಲ್ ಕಾದು ಹೊಗೆಯಾಡುತ್ತಿದ್ದರೂ, ಆ ಶಾಖ ತನ್ನನ್ನು ಮುಟ್ಟುವವರೆಗೆ ಅದು ಸುಮ್ಮನೆ ಕರೆಂಟು ಬಿಡುತ್ತಲೇ ಇರುತ್ತದೆ. ಚಿಕ್ಕಮಗಳೂರಿನಲ್ಲಿ ನನ್ನದು ಸುಟ್ಟ ಮೋಟಾರಿನ ಕಾಯಿಲನ್ನು ಹೊಸದಾಗಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿ. ರೈಸ್ ಕುಕ್ಕರ್, ಗೀಸರ್‌ನಿಂದ ಹಿಡಿದು ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ಮೋಟಾರಿನವರೆಗೆ ಎಲ್ಲವೂ ಬರುತ್ತವೆ. ಎಷ್ಟು ಡಿಗ್ರಿಯ ಫ್ಯೂಸ್ ಹಾಕಬೇಕು ಎಂದು ಕೇಳುವ ಹುಡುಗರು ಬಹಳ ಮಂದಿ ಸಿಗುತ್ತಾರೆ. ಎಲ್ಲಿ ಕೂರಿಸಬೇಕು, ಹೇಗೆ ಕಟ್ಟಬೇಕು ಎಂದು ಕೇಳುವವರು ಅಪರೂಪ. ನಿಜವಾದ ಕೆಲಸ ಇರುವುದು ಅಲ್ಲಿ.

ಮೊದಲು ರೈಸ್ ಕುಕ್ಕರ್. ಅನ್ನ ಬೆಂದು ನೀರು ಇಂಗಿದ ಮೇಲೆ ಪಾತ್ರೆಯ ತಳದ ಬಿಸಿ 100 ಡಿಗ್ರಿ ದಾಟುತ್ತದೆ. ಸುಮಾರು 103ರ ಹೊತ್ತಿಗೆ ನಡುವಿನ ಆಯಸ್ಕಾಂತಕ್ಕೆ ಅಂಟಿಕೊಂಡಿದ್ದ ಫೆರೈಟ್ ತುಂಡು ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ಒತ್ತಿ ಗುಂಡಿ ಟಕ್ಕೆಂದು ಹಾರುತ್ತದೆ. ಇದು ದಿನನಿತ್ಯದ ಕಾವಲು. ಆ ಸ್ವಿಚ್ಚಿನ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಕಚ್ಚಿಕೊಂಡ ದಿನ ಹೀಟರ್ ಆರುವುದೇ ಇಲ್ಲ. ಆಗ ಉಳಿಯುವುದು ತಳದ ಪ್ಲೇಟಿಗೆ ಒತ್ತಿ ಕಟ್ಟಿರುವ ಥರ್ಮಲ್ ಫ್ಯೂಸ್ ಒಂದೇ. ಹೀಗಾಗಿ ಫ್ಯೂಸ್ ಹೋದ ಕುಕ್ಕರ್ ಬಂದರೆ ನಾನು ಮೊದಲು ನೋಡುವುದು ಫ್ಯೂಸನ್ನಲ್ಲ, ಆ ಪಾಯಿಂಟುಗಳನ್ನು.

ಕೆಲಸ ಕಲಿಯಲು ಬರುವ ಹುಡುಗರ ಮುಂದೆ ಒಂದು ಹೋದ ಫ್ಯೂಸನ್ನು ಹ್ಯಾಕ್ಸಾ ಬ್ಲೇಡಿನಿಂದ ಸೀಳಿ ತೋರಿಸುತ್ತೇನೆ. ಲೋಹದ ಕೊಳವೆಯ ಒಳಗೆ ಒಂದು ದೊಡ್ಡ ಸ್ಪ್ರಿಂಗ್, ಒಂದು ಪುಟ್ಟ ಸ್ಪ್ರಿಂಗ್, ಅವುಗಳ ನಡುವೆ ನಕ್ಷತ್ರಾಕಾರದ ಬಿಲ್ಲೆ. ಒಂದು ತುದಿಯಲ್ಲಿ ಮೇಣದ ಹಾಗೆ ಕರಗುವ ಗುಳಿಗೆ ಇತ್ತು ಎನ್ನುವುದಕ್ಕೆ ಈಗ ಗೋಡೆಗೆ ಮೆತ್ತಿಕೊಂಡ ಕಲೆ ಮಾತ್ರ ಇರುತ್ತದೆ. ಗುಳಿಗೆ ಗಟ್ಟಿಯಾಗಿರುವವರೆಗೆ ದೊಡ್ಡ ಸ್ಪ್ರಿಂಗ್ ಬಿಗಿಯಾಗಿ ನಿಂತು ಬಿಲ್ಲೆಯನ್ನು ಎದುರಿನ ತಂತಿಗೆ ಒತ್ತಿ ಹಿಡಿಯುತ್ತದೆ. ಅದು ಕರಗಿತೋ, ದೊಡ್ಡದು ಸಡಿಲವಾಗುತ್ತದೆ, ಪುಟ್ಟ ಸ್ಪ್ರಿಂಗ್ ಬಿಲ್ಲೆಯನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಇನ್ನು ಅದು ಕೂಡುವುದಿಲ್ಲ. ತಣ್ಣಗಾದ ಮೇಲೆ ಸರಿಹೋಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಈ ಬಿಲ್ಲೆಯ ಅಂಚು ಒಳಗೋಡೆಗೆ ಸದಾ ತಾಗಿಕೊಂಡಿರುತ್ತದೆ ಎನ್ನುವುದನ್ನು ಗಮನಿಸಬೇಕು. ಅಂದರೆ ಫ್ಯೂಸಿನ ಹೊರಮೈಯಲ್ಲೇ ಕರೆಂಟು ಇರುತ್ತದೆ. ಕರೆಂಟು ತಡೆಯಲು ತೊಡಿಸುವ ಸ್ಲೀವ್ ಇಲ್ಲದೆ ಅದನ್ನು ಕುಕ್ಕರಿನ ಅಲ್ಯೂಮಿನಿಯಂ ಪ್ಲೇಟಿಗೆ ಕಟ್ಟಿದರೆ ಇಡೀ ಕುಕ್ಕರೇ ಶಾಕ್ ಹೊಡೆಯುತ್ತದೆ. ಹಾಕುವ ಸ್ಲೀವ್ ಗಾಜಿನ ನೂಲಿನದ್ದೇ ಆಗಿರಬೇಕು. ಪಿವಿಸಿ ಸ್ಲೀವ್ ಆ ಬಿಸಿಗೆ ಕರಗಿ ಇಳಿಯುತ್ತದೆ.

ಬೆಸುಗೆಯನ್ನು ನಾನು ಹತ್ತಿರಕ್ಕೂ ಸೇರಿಸುವುದಿಲ್ಲ. ಸೀಸ ಮತ್ತು ತವರದ ಬೆಸುಗೆ 183 ಡಿಗ್ರಿಗೆ ಕರಗಲು ತೊಡಗುತ್ತದೆ. ಕುಕ್ಕರಿನಲ್ಲಿ ಸ್ವಿಚ್ ಕೈಕೊಟ್ಟ ದಿನ ಫ್ಯೂಸ್ ಸಂಪರ್ಕ ಬಿಡುವುದಕ್ಕೂ ಜೋಡಣೆ ಕರಗಿ ತಂತಿ ಕಳಚಿ ಬೀಳುವುದಕ್ಕೂ ನಡುವೆ ಹೆಚ್ಚು ಅಂತರ ಉಳಿಯದು. ಮೇಲಾಗಿ ಬೆಸೆಯುವ ಕಬ್ಬಿಣದ ಮೊನೆ 300 ಡಿಗ್ರಿಗೂ ಮಿಗಿಲಾಗಿ ಕಾದಿರುತ್ತದೆ. ಆ ಶಾಖ ಫ್ಯೂಸಿನ ಕಾಲಿನ ಮೂಲಕ ಒಳಗಿಳಿದು, ಹೊಸ ಫ್ಯೂಸ್ ಕೈಯಲ್ಲೇ ಸಾಯುತ್ತದೆ. ತಾಮ್ರದ ಅಥವಾ ಹಿತ್ತಾಳೆಯ ಕೊಳವೆ ತುಂಡು ಹಾಕಿ ಒತ್ತಿ ಬಿಗಿಯುವುದೇ, ಅಂದರೆ ಕ್ರಿಂಪ್ ಮಾಡುವುದೇ ಸರಿ. ಕಾಲನ್ನು ಬಗ್ಗಿಸುವಾಗ ಬುಡದಿಂದ ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು, ಇಕ್ಕುಳದಲ್ಲಿ ಬುಡ ಹಿಡಿದು ಬಗ್ಗಿಸಬೇಕು. ಇಲ್ಲದಿದ್ದರೆ ತುದಿಯ ಎಪಾಕ್ಸಿ ಸೀಲ್ ಬಿರುಕು ಬಿಡುತ್ತದೆ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಅಷ್ಟು ಬಿರುಕು ಸಾಕು.

ಇನ್ನು ಡಿಗ್ರಿಯ ಲೆಕ್ಕ. ಫ್ಯೂಸಿನ ಮೈಮೇಲೆ 10 ಆಂಪ್, 250 ವೋಲ್ಟ್, ಪಕ್ಕದಲ್ಲಿ ಟಿಎಫ್ 152 ಎಂದೋ ಟಿಎಫ್ 184 ಎಂದೋ ಇರುತ್ತದೆ. 152 ಎಂದು ಬರೆದಿದ್ದರೆ 152ಕ್ಕೆ ಸರಿಯಾಗಿ ಬಿಡುತ್ತದೆ ಎಂದುಕೊಳ್ಳಬಾರದು. ಐಇಸಿ 60691 ಮಾನದಂಡದ ಪ್ರಕಾರ ಬರೆದ ಅಂಕಿಗೂ ಅದಕ್ಕಿಂತ 10 ಡಿಗ್ರಿ ಕೆಳಗಿನದಕ್ಕೂ ನಡುವೆ ಅದು ಎಲ್ಲಿ ಬೇಕಾದರೂ ಬಿಡಬಹುದು. ಜೊತೆಗೆ ತನ್ನೊಳಗೆ ಹರಿಯುವ ಕರೆಂಟಿನಿಂದ ಫ್ಯೂಸ್ ತಾನೇ ಕೆಲವು ಡಿಗ್ರಿ ಕಾಯುತ್ತದೆ. ಹಳೆಯ ಫ್ಯೂಸಿನ ಅಂಕಿ ಓದಲು ಬಂದರೆ ಅದನ್ನೇ ಹಾಕುತ್ತೇನೆ, ತಲೆ ಓಡಿಸುವುದಿಲ್ಲ. ಓದಲು ಬಾರದಿದ್ದರೆ ಫ್ಯೂಸ್ ಕೂರುವ ಜಾಗದಲ್ಲೇ ಬಿಸಿ ಅಳೆಯುವ ಥರ್ಮೋಕಪಲ್ ತಂತಿಯ ತುದಿಯನ್ನು ಕಟ್ಟಿ, ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ, ಏರಿದ ಗರಿಷ್ಠ ಬಿಸಿಗೆ 25ರಿಂದ 30 ಡಿಗ್ರಿ ಸೇರಿಸುತ್ತೇನೆ. ಬರುವ ಅಂಕಿ ಅಲ್ಲಿನ ತಂತಿಯ ಇನ್ಸುಲೇಷನ್ ತಾಳುವ ಬಿಸಿಗಿಂತ ಕೆಳಗಿರಬೇಕು. ಎರಡೂ ಹೊಂದದಿದ್ದರೆ ದೋಷ ಫ್ಯೂಸಿನದಲ್ಲ, ಯಂತ್ರವೇ ಅಗತ್ಯಕ್ಕಿಂತ ಹೆಚ್ಚು ಕಾಯುತ್ತಿದೆ.

ಬಿಡಿಯಾಗಿ ಮಾರುವ ಫ್ಯೂಸುಗಳಲ್ಲಿ ಉಗುರಿನಿಂದ ಕೆರೆದರೆ ಅಕ್ಷರ ಉದುರುವಂಥವೂ ಇರುತ್ತವೆ. ಹೊಸ ಕಟ್ಟು ತಂದಾಗ ಅದರಲ್ಲಿ ಒಂದನ್ನು ಬಲಿ ಕೊಡುತ್ತೇನೆ: ಮಲ್ಟಿಮೀಟರಿನ ಬಜರಿಗೆ ಸಿಕ್ಕಿಸಿ, ಥರ್ಮೋಕಪಲ್ ಜೊತೆ ಅಡುಗೆ ಎಣ್ಣೆಯಲ್ಲಿ ಇಳಿಬಿಟ್ಟು ನಿಧಾನವಾಗಿ ಕಾಯಿಸುವುದು. ಬಜರ್ ನಿಂತಾಗ ಎಷ್ಟಿದೆ ಎಂದು ನೋಡಿದರೆ ಕಟ್ಟಿನ ಜಾತಕ ತಿಳಿಯುತ್ತದೆ.

ಟೇಬಲ್ ಫ್ಯಾನಿನ ಕಾಯಿಲ್ ಮೇಲೂ ಇಂಥದ್ದೇ ಪುಟ್ಟ ಫ್ಯೂಸ್ ಇರುತ್ತದೆ. ಚಿಕ್ಕಮಗಳೂರಿನಲ್ಲಿ ಫ್ಯಾನ್ ರಿಪೇರಿ ಮಾಡಿ ಬದುಕಬಹುದು ಎಂದಿದ್ದರೆ ಹಿಂದಿನವರು ನಗುತ್ತಿದ್ದರು, ಈಗ ಏಪ್ರಿಲ್ ಬಂದರೆ ಸಾಲು ನಿಲ್ಲುತ್ತವೆ. ಶಾಫ್ಟನ್ನು ಹಿಡಿದಿರುವ ಬುಷ್ ಒಣಗಿ, ಶಾಫ್ಟ್ ಬಿಗಿಯಾಗಿ, ಫ್ಯಾನ್ ನಿಧಾನವಾಗಿ, ಕಾಯಿಲ್ ಕಾಯ್ದು ಫ್ಯೂಸ್ ಹೋಗಿರುತ್ತದೆ. ಬೆರಳಿನಿಂದ ತಿರುಗಿಸಿ ನೋಡಿದರೆ ತಿಳಿಯುತ್ತದೆ. ರೀವೈಂಡ್ ಮಾಡಿದರೆ ವಾರ್ನಿಷ್ ಒಣಗಿಸಲು ಓವನ್‌ಗೆ ಹಾಕುವ ಮೊದಲೇ ಫ್ಯೂಸ್ ಕಟ್ಟಬಾರದು. 120 ಡಿಗ್ರಿಯ ಓವನ್‌ನಲ್ಲಿ 115ರ ಫ್ಯೂಸ್ ಉಳಿಯುವುದು ಹೇಗೆ? ಬೇಯಿಸಿದ ಮೇಲೆ ಕಟ್ಟಿ, ಆ ಜಾಗಕ್ಕೆ ಮಾತ್ರ ಗಾಳಿಗೆ ಒಣಗುವ ವಾರ್ನಿಷ್ ಬಳಿಯುತ್ತೇನೆ.

ನನ್ನ ಸಮಯದ ಬಹುಪಾಲು ಹೋಗುವುದು ಮಾತ್ರ ಡಿಸೆಂಬರ್, ಜನವರಿಯಲ್ಲಿ, ಪಲ್ಪರ್ ಮೋಟಾರುಗಳ ಹಿಂದೆ. ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಹೋಗಬೇಕು, ತಡವಾದರೆ ಹುಳಿಯುತ್ತದೆ. ಹಾಗಾಗಿ ಸಂಜೆ ಹೊತ್ತಿಗೆ ಓವರ್‌ಲೋಡ್ ರಿಲೇ (ಮೋಟಾರು ಹೆಚ್ಚು ಕರೆಂಟು ಎಳೆದರೆ ಅದನ್ನು ನಿಲ್ಲಿಸುವಂಥದ್ದು) ಟ್ರಿಪ್ ಆಗತೊಡಗಿದರೆ ತೋಟದ ಲೆಕ್ಕ ಬರೆಯುವ ರೈಟರ್ ಫೋನು ಮಾಡುವುದು ಒಂದೇ ಮಾತಿಗೆ: “ಅಣ್ಣಾ, ಬೇಗ ಬಂದು ರಿಲೇ ತೆಗೆದು ಡೈರೆಕ್ಟ್ ಮಾಡಿಕೊಡಿ, ಸಾಹುಕಾರರು ಬಯ್ಯುತ್ತಿದ್ದಾರೆ.” ಬರುತ್ತೇನೆ, ಡೈರೆಕ್ಟ್ ಮಾಡುವುದಿಲ್ಲ ಎನ್ನುತ್ತೇನೆ. ಬಯ್ಗುಳ ಆಮೇಲೆ ನನಗೆ ವರ್ಗವಾಗುತ್ತದೆ.

ಆಲ್ದೂರು ಕಡೆಯ ಒಂದು ತೋಟದಲ್ಲಿ 5 ಎಚ್‌ಪಿ ಮೋಟಾರಿನ ರಿಲೇ ಬೆಳಿಗ್ಗೆ ಸುಮ್ಮನಿದ್ದು, ಮಧ್ಯಾಹ್ನದ ಮೇಲೆ ಮಾತ್ರ ಟ್ರಿಪ್ ಆಗುತ್ತಿತ್ತು. ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ ಮೂರು ಫೇಸಿನಲ್ಲೂ 7 ಆಂಪಿಗಿಂತ ಕಡಿಮೆ. ನೇಮ್‌ಪ್ಲೇಟಿನಲ್ಲಿ 7.5. ಮೋಟಾರಿನಲ್ಲಿ ತಪ್ಪಿಲ್ಲ. ರಿಲೇ ಪೆಟ್ಟಿಗೆಯನ್ನು ಪಡುವಣ ದಿಕ್ಕಿನ ತಗಡಿನ ಗೋಡೆಗೆ ಹೊಡೆದಿದ್ದರು. ಬಿಸಿಲು ಆ ಕಡೆ ತಿರುಗಿದ ಮೇಲೆ ಪೆಟ್ಟಿಗೆಯ ಬೆನ್ನಿಗೆ ಕೈ ಇಡಲಾಗುತ್ತಿರಲಿಲ್ಲ. ಈ ರಿಲೇಯ ಒಳಗಿರುವುದು ಬೈಮೆಟಲ್ ಪಟ್ಟಿ, ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ್ದು. ಮೋಟಾರಿನ ಕರೆಂಟು ಅದನ್ನು ಕಾಯಿಸಿ ಬಾಗಿಸಬೇಕು. ಇಲ್ಲಿ ಅರ್ಧ ಕೆಲಸವನ್ನು ಸೂರ್ಯನೇ ಮಾಡಿ ಮುಗಿಸಿದ್ದ. ಸುತ್ತಲಿನ ಬಿಸಿಯನ್ನು ಸರಿದೂಗಿಸುವ ಇನ್ನೊಂದು ಪಟ್ಟಿ ಈಗಿನ ಹಲವು ರಿಲೇಗಳಲ್ಲಿ ಇರುತ್ತದೆ, ಅದಕ್ಕೂ ಒಂದು ಮಿತಿ ಇದೆ, ಹಳೆಯವುಗಳಲ್ಲಿ ಅದೂ ಇಲ್ಲ. ಟ್ರಿಪ್ ತಪ್ಪಿಸಲು ಯಾರೋ ರಿಲೇಯ ಆಂಪ್ ಡಯಲನ್ನು 10ಕ್ಕೆ ತಿರುಗಿಸಿದ್ದರು. ಪೆಟ್ಟಿಗೆಯನ್ನು ಒಳಗಿನ ಕಲ್ಲುಗೋಡೆಗೆ ಮರದ ಹಲಗೆ ಕೊಟ್ಟು ಹೊಡೆದು, ಡಯಲ್ 7.5ಕ್ಕೆ ತಂದೆ. ಅಲ್ಲಿಗೆ ಮುಗಿಯಿತು.

ಮೂಡಿಗೆರೆ ಕಡೆಯ ಇನ್ನೊಂದು ಮೋಟಾರಿನ ಕಥೆ ಇದರ ತಿರುವುಮುರುವು. ರಿಲೇ ಒಮ್ಮೆಯೂ ಟ್ರಿಪ್ ಆಗಲಿಲ್ಲ, ಮೋಟಾರು ಸುಟ್ಟೇಹೋಯಿತು. ಬಿಚ್ಚಿದಾಗ ಎಲ್ಲ ಕಾಯಿಲುಗಳೂ ಒಂದೇ ಸಮನೆ ಕಪ್ಪಾಗಿದ್ದವು. ಒಂದು ಫೇಸ್ ಹೋಗಿ ಸುಟ್ಟಿದ್ದರೆ ಮೂರು ಕಾಯಿಲುಗಳ ತುದಿ ಒಂದೆಡೆ ಕೂಡುವ ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಕಾಯಿಲುಗಳು ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿಯುತ್ತದೆ, ತ್ರಿಕೋನದಂತೆ ಕೂಡುವ ಡೆಲ್ಟಾದಲ್ಲಿ ಒಂದು ಫೇಸ್ ಮಾತ್ರ ಸುಡುತ್ತದೆ. ಇಲ್ಲಿ ಹಾಗಿರಲಿಲ್ಲ. ನೀರು ಚಿಮ್ಮದಿರಲಿ ಎಂದು ಮೋಟಾರಿಗೆ ಗೋಣಿಚೀಲ ಹೊದಿಸಿದ್ದರು, ಹಿಂದಿನ ಫ್ಯಾನ್ ಜಾಲರಿಯ ತುಂಬ ಹಣ್ಣಿನ ಸಿಪ್ಪೆ ಮೆತ್ತಿತ್ತು. ಕರೆಂಟು ಹೆಚ್ಚಾಗಿಲ್ಲ, ಬಿಸಿ ಮಾತ್ರ ಹೊರಗೆ ಹೋಗಿಲ್ಲ. ದೂರದ ಪೆಟ್ಟಿಗೆಯಲ್ಲಿ ಕುಳಿತ ರಿಲೇ ಆಂಪನ್ನು ನೋಡಬಲ್ಲದೇ ಹೊರತು ಗೋಣಿಚೀಲವನ್ನು ನೋಡಲಾರದು. ಇನ್ಸುಲೇಷನ್ ತನ್ನ ಮಿತಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಹಿಡಿದುಕೊಂಡಿರುವ ಲೆಕ್ಕ.

ಇಂಥ ಜಾಗದ ಮೋಟಾರು ರೀವೈಂಡಿಂಗಿಗೆ ಬಂದಾಗ ಕಾಯಿಲ್ ಒಳಗೇ ಬೈಮೆಟಲ್ ಗುಂಡಿ ಕಟ್ಟಿ ಕಳಿಸುತ್ತೇನೆ. ಇದು ಒಂದೇ ಸಲಕ್ಕೆ ಹೋಗುವ ಫ್ಯೂಸಲ್ಲ. ಕಾದಾಗ ಬಿಟ್ಟು ತಣಿದಾಗ ಕೂಡುವಂಥದ್ದು, ಓವನ್‌ನಲ್ಲೂ ಕೆಡುವುದಿಲ್ಲ. 155 ಡಿಗ್ರಿ ತಾಳುವ ಎಫ್ ದರ್ಜೆಯ ತಂತಿ ಮತ್ತು ಕಾಯಿಲ್ ಕೂರುವ ಸ್ಲಾಟಿಗೆ, ಅಂದರೆ ಸೀಳಿಗೆ, ಹಾಸುವ ಪೇಪರ್ ಹಾಕಿ, ಗುಂಡಿ 130ರದ್ದು ಆರಿಸುತ್ತೇನೆ. ಅಷ್ಟು ಅಂತರ ಬೇಕು, ಏಕೆಂದರೆ ಗುಂಡಿ ಕಟ್ಟಲು ಸಿಗುವುದು ಸ್ಲಾಟಿನಿಂದ ಹೊರಚಾಚಿದ ಕಾಯಿಲ್ ಭಾಗ ಮಾತ್ರ. ಸ್ಲಾಟಿನ ಒಳಗೆ ಬಿಸಿ ಅದಕ್ಕಿಂತ ಹೆಚ್ಚಿರುತ್ತದೆ. ಫ್ಯಾನ್ ಇರುವ ತುದಿಯಲ್ಲಿ ಗಾಳಿ ತಂಪು ಮಾಡುವುದರಿಂದ ಪುಲ್ಲಿ ಇರುವ ತುದಿಯಲ್ಲಿ ಕಟ್ಟುತ್ತೇನೆ, ಫೇಸಿಗೆ ಒಂದರಂತೆ ಮೂರು, ಸರಣಿಯಲ್ಲಿ. ತಂತಿಗಳ ನಡುವೆ ಬೆರಳಿನಿಂದ ಎಡೆ ಮಾಡಿ, ಗುಂಡಿಯನ್ನು ಒಳಗೆ ತೂರಿಸಿ, ವೈಂಡಿಂಗ್ ದಾರದಿಂದ ಬಿಗಿದು, ಆಮೇಲೆ ವಾರ್ನಿಷ್. ಮೇಲೆ ಸುಮ್ಮನೆ ಟೇಪ್ ಸುತ್ತಿದರೆ ನಡುವೆ ಗಾಳಿ ಉಳಿದು ಗುಂಡಿಗೆ ಬಿಸಿ ತಡವಾಗಿ ಮುಟ್ಟುತ್ತದೆ. ಮೋಟಾರಿನ ರೋಟರ್ ಸಿಕ್ಕಿಕೊಂಡಾಗ ಆ ತಡವೇ ಕಾಯಿಲನ್ನು ತಿನ್ನುತ್ತದೆ. ಅದಕ್ಕೇ ಗುಂಡಿ ಹಾಕಿದೆನೆಂದು ರಿಲೇ ತೆಗೆಯುವುದಿಲ್ಲ, ಎರಡೂ ಇರಬೇಕು.

ಬೈಮೆಟಲ್ ಗುಂಡಿಯ ಎರಡು ತಂತಿಗಳನ್ನು ಸ್ಟಾರ್ಟರಿನ ಸ್ಟಾಪ್ ಗುಂಡಿಯ ತಂತಿಗೆ ಸರಣಿಯಲ್ಲಿ ಸೇರಿಸಿದರೆ, ಅದು ಬಿಟ್ಟ ಕೂಡಲೇ ಸ್ಟಾರ್ಟರನ್ನು ಹಿಡಿದಿಡುವ ನೋ-ವೋಲ್ಟ್ ಕಾಯಿಲ್ ಸತ್ತು ಸ್ಟಾರ್ಟರ್ ಬೀಳುತ್ತದೆ. ತಣಿದು ಮತ್ತೆ ಕೂಡಿದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ಏಳುವುದಿಲ್ಲ. ಪಲ್ಪರಿಗೆ ಇದು ಬಹಳ ಮುಖ್ಯ. ನಿಂತಿದೆ ಎಂದು ಡ್ರಮ್ಮಿಗೆ ಕೈ ಹಾಕಿದವನ ಬೆರಳು ಉಳಿಯಬೇಕಲ್ಲ.

ಪಂಪ್‌ಸೆಟ್ಟಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಓಡಿಸುವವರು, ರಾತ್ರಿ ತ್ರೀಫೇಸ್ ಬಂದಾಗ ತಾನಾಗಿ ಶುರುವಾಗಲಿ ಎಂದು ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಅಲ್ಲಿ ಗುಂಡಿ ತಣಿದು ಕೂಡಿದೊಡನೆ ಪಂಪ್ ಮತ್ತೆ ಏಳುತ್ತದೆ, ಕಾಯುತ್ತದೆ, ಬೀಳುತ್ತದೆ. ಬೆಳಗಾಗುವವರೆಗೆ ಇದೇ ಆಟ. ಅಂಥಲ್ಲಿ ನಡುವೆ ಇನ್ನೊಂದು ಪುಟ್ಟ ರಿಲೇ ಇಟ್ಟು, ಒಮ್ಮೆ ಬಿದ್ದರೆ ಕೈಯಿಂದ ರಿಸೆಟ್ ಮಾಡುವವರೆಗೆ ಏಳದಂತೆ ಕಟ್ಟುತ್ತೇನೆ. ಓವರ್‌ಲೋಡ್ ರಿಲೇಯಲ್ಲೂ ಆಟೋ, ಹ್ಯಾಂಡ್ ಎಂಬ ಆಯ್ಕೆ ಇದ್ದರೆ ಅದನ್ನು ಹ್ಯಾಂಡಿಗೇ ಇಡುತ್ತೇನೆ. ಡಯಲಿಗೂ ಆ ಆಯ್ಕೆಯ ತಿರುಪಿಗೂ ಸೇರಿಸಿ ಉಗುರುಬಣ್ಣದ ಒಂದು ಗೆರೆ ಎಳೆದಿರುತ್ತೇನೆ. ಮುಂದಿನ ಸಲ ಕರೆದಾಗ ಗೆರೆ ಮುರಿದಿದ್ದರೆ, ಮೋಟಾರು ಬಿಚ್ಚುವ ಮೊದಲು ರೈಟರ್ ಜೊತೆ ಮಾತನಾಡುವುದು ಇರುತ್ತದೆ.