ಮೊದಲು ಕಿಲೋಮೀಟರ್ ಇಳಿಸಿದೆವು, ಆಮೇಲೆ ಬ್ಯಾಟರಿ ತಂದೆವು

2021ರ ಕೊನೆಯಲ್ಲಿ ಸಾಲ ಮಾಡಿ ನಾಲ್ಕು ಬ್ಯಾಟರಿ ಸ್ಕೂಟರ್ ತಂದೆ. ಎಂಟು ತಿಂಗಳಿಗೆ ನಾಲ್ಕೂ ಮೂಲೆ ಸೇರಿದವು.

ನನ್ನದು ಬನಶಂಕರಿ ಮೂರನೇ ಹಂತದಲ್ಲಿರುವ ಸಣ್ಣ ಡೆಲಿವರಿ ಹಬ್. ಆ್ಯಪ್‌ನಲ್ಲಿ ನೀವು ಆರ್ಡರ್ ಮಾಡಿದ್ದು ದೊಡ್ಡ ಗೋಡೌನಿನಿಂದ ನಮ್ಮಲ್ಲಿಗೆ ಬರುತ್ತದೆ. ಇಲ್ಲಿಂದ ಮನೆ ಬಾಗಿಲಿಗೆ ಮುಟ್ಟಿಸುವುದು ನಮ್ಮ ಕೆಲಸ. 12 ಜನ ರೈಡರ್‌ಗಳಿದ್ದಾರೆ. ಆಗ ಎಲ್ಲರದ್ದೂ ಪೆಟ್ರೋಲ್ ಗಾಡಿ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಆ ಹೊಗೆಯೆಲ್ಲ ಎದುರು ಮನೆಯ ಮಗುವಿನ ಕೋಣೆಗೆ ಹೋಗುತ್ತಿತ್ತು. ಅದನ್ನು ನೋಡಿಯೇ ನಾನು ಸ್ಕೂಟರ್ ತಂದಿದ್ದು.

ತಂದಿದ್ದು ಲೆಡ್ ಆ್ಯಸಿಡ್ ಬ್ಯಾಟರಿಯವು. ಅಗ್ಗ ಅಂತ ತಗೊಂಡೆ. ಮಾರಿದವರು ಹೇಳಿದ್ದು 60 ಕಿ.ಮೀ. ಹೊಸದರಲ್ಲಿ ಬಂದಿದ್ದು 45. ದಿನಾ ಪೂರ್ತಿ ಖಾಲಿ ಮಾಡಿದರೆ ಆ ಬ್ಯಾಟರಿ ಕೆಲವು ನೂರು ಚಾರ್ಜಿಗಿಂತ ಜಾಸ್ತಿ ಬಾಳುವುದಿಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು. ಒಂದು ಸಂಜೆ ಹೊಸಕೆರೆಹಳ್ಳಿ ಏರಿನಿಂದ ಹುಡುಗನ ಫೋನ್ ಬಂತು: "ಅಣ್ಣಾ, ಗಾಡಿ ನಿಂತೋಯ್ತು. ಇನ್ನೂ ಒಂಬತ್ತು ಪಾರ್ಸೆಲ್ ಇದೆ. ತಳ್ಕೊಂಡೇ ಬರ್ತಿದೀನಿ." ಅವತ್ತು ಅವನಿಗೆ ಸಿಗಬೇಕಾದ ದುಡ್ಡೂ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು. ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು: "ಅಲ್ಲಪ್ಪಾ, ನಮ್ಮ ಕ್ರಾಸಿಗೆ ನಿನ್ನ ಹುಡುಗರು ದಿನಕ್ಕೆ ಮೂರು ಸಲ ಬರ್ತಾರಲ್ಲ, ಯಾಕೆ? ನಾನು ಇಡೀ ಬಡಾವಣೆಗೆ ಸೈಕಲಲ್ಲಿ ಒಂದೇ ಸಲ ಬರ್ತಿದ್ದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಬ್‌ಗೆ ಬಂದು ಒಂದು ವಾರದ ರನ್ ಶೀಟ್, ಅಂದರೆ ಯಾರು ಯಾವ ಮನೆಗೆ ಹೋದರು ಅನ್ನುವ ಪಟ್ಟಿ, ಹರಡಿಕೊಂಡು ಕೂತೆ. ಅವರು ಹೇಳಿದ್ದು ನಿಜವಾಗಿತ್ತು. ಬೆಳಿಗ್ಗೆಯ ಲೋಡಿಗೆ ಒಬ್ಬ ಹೋಗುತ್ತಿದ್ದ. ಮಧ್ಯಾಹ್ನದ ಲೋಡಿಗೆ ಇನ್ನೊಬ್ಬ. ಬಾಗಿಲು ಹಾಕಿದ್ದ ಮನೆಗಳಿಗೆ ಸಂಜೆ ಮತ್ತೊಬ್ಬ. ಬೆಂಗಳೂರಿನ ವಿಳಾಸ ನಿಮಗೆ ಗೊತ್ತಲ್ವಾ? ಮೂರನೇ ಹಂತ, ಮೂರನೇ ಫೇಸ್, ನಾಲ್ಕನೇ ಬ್ಲಾಕ್, ಏಳನೇ ಕ್ರಾಸ್. ಇನ್ನೊಂದು ಏಳನೇ ಕ್ರಾಸ್ ಎರಡು ಕಿಲೋಮೀಟರ್ ಆಚೆ ಇರುತ್ತದೆ. ಗ್ರಾಹಕರು ಆ್ಯಪ್‌ನಲ್ಲಿ ಲೊಕೇಶನ್ ತಪ್ಪಾಗಿ ಒತ್ತಿದ್ದರೆ ಆ್ಯಪ್ ಹಾಕಿಕೊಡುವ ದಾರಿಯೂ ತಪ್ಪು. ನಮ್ಮ ಹುಡುಗರು ಸರಾಸರಿ ದಿನಕ್ಕೆ 70 ಕಿ.ಮೀ. ಓಡುತ್ತಿದ್ದರು. ಏರಿಯಾ ನೋಡಿದರೆ ಅಷ್ಟು ಓಡುವ ಅಗತ್ಯವೇ ಇರಲಿಲ್ಲ.

ಆ ಹಿರಿಯರು ಮೂರು ದಿನ ಬೆಳಿಗ್ಗೆ ಆರಕ್ಕೆ ಹಬ್‌ಗೆ ಬಂದರು. ಅಂಚೆಯಲ್ಲಿ ಪ್ರತಿ ಪೋಸ್ಟ್‌ಮ್ಯಾನ್‌ಗೂ ಒಂದು ಬೀಟ್, ಅಂದರೆ ಅವರೇ ಸುತ್ತುವ ಬೀದಿಗಳ ಗುಂಪು ಇರುತ್ತದೆ. ಕಾಗದಗಳನ್ನು ಹೊರಡುವ ಮುಂಚೆಯೇ ಮನೆಗಳ ಸಾಲಿನ ಪ್ರಕಾರ ಜೋಡಿಸಿಕೊಳ್ಳುತ್ತಾರೆ. ನಾವೂ ಹಾಗೇ ಮಾಡಿದೆವು. ಏರಿಯಾವನ್ನು 12 ಬೀಟ್ ಮಾಡಿದೆವು. ಒಬ್ಬರಿಗೆ ಒಂದೇ ಬೀಟ್, ಅದು ಬದಲಾಗುವುದಿಲ್ಲ. ಪಾರ್ಸೆಲ್ ಮೇಲೆ ಮಾರ್ಕರಿನಲ್ಲಿ ಮನೆಯ ಕ್ರಮಸಂಖ್ಯೆ ಬರೆಯುವುದು. ಕೊನೆಯ ಮನೆಯದು ಬ್ಯಾಗಿನ ತಳಕ್ಕೆ, ಮೊದಲ ಮನೆಯದು ಮೇಲಕ್ಕೆ. ಜೋಡಿಸಲು ಅರ್ಧ ಗಂಟೆ ಜಾಸ್ತಿ ಹಿಡಿಯಿತು. ಹುಡುಗರು ಗೊಣಗಿದರು. ನಾಲ್ಕೇ ದಿನಕ್ಕೆ ಒಂದು ಗಂಟೆ ಮುಂಚೆ ಮನೆಗೆ ಹೋಗತೊಡಗಿದರು. ಆಮೇಲೆ ಯಾರೂ ಗೊಣಗಲಿಲ್ಲ.

ಬಾಗಿಲು ಹಾಕಿದ ಮನೆಗಳೇ ದೊಡ್ಡ ತಲೆನೋವು. ಡೆಲಿವರಿ ಆಗದೆ ವಾಪಸ್ ಬಂದ ಪಾರ್ಸೆಲ್ ಎಂದರೆ ಅದೇ ದಾರಿಗೆ ಎರಡನೇ ಸಲ ಪೆಟ್ರೋಲ್. ಮೂರು ಸಲ ಆಗಲಿಲ್ಲ ಅಂದರೆ ಅದು ಆರ್‌ಟಿಒ (ರಿಟರ್ನ್ ಟು ಒರಿಜಿನ್) ಆಗಿ ಮಾರಿದವರ ಊರಿಗೇ ವಾಪಸ್ ಹೋಗುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಇದು ಇನ್ನೂ ಜಾಸ್ತಿ. ಈಗ ನಾವು ಹೊರಡುವ ಮುಂಚೆಯೇ ಕರೆ ಮಾಡುತ್ತೇವೆ. ಕರೆ ಮಾಡಲು ಅಂತಲೇ ಒಬ್ಬ ಹೆಣ್ಣುಮಗಳನ್ನು ಬೆಳಿಗ್ಗೆ ಎರಡು ಗಂಟೆ ಇಟ್ಟುಕೊಂಡಿದ್ದೇನೆ. ಎರಡೇ ಪ್ರಶ್ನೆ. ಮನೇಲಿ ಇರ್ತೀರಾ? ಇಲ್ಲದಿದ್ದರೆ ಯಾರ ಹತ್ತಿರ ಕೊಡೋಣ?

ಇಲ್ಲಿ ನೆರವಾದವರು ಇಸ್ತ್ರಿಯವರು. ಮರದ ಕೆಳಗೆ ತಳ್ಳುಗಾಡಿ ಇಟ್ಟುಕೊಂಡ ಇಸ್ತ್ರಿಯವರಿಗೆ ಯಾರ ಮನೆಯವರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಬಾಯಿಪಾಠ. ಅಂಥ ಐದು ಜನರ ಜೊತೆ, ಎರಡು ದಿನಸಿ ಅಂಗಡಿಗಳ ಜೊತೆ ಮಾತಾಡಿಕೊಂಡೆವು. ಪಾರ್ಸೆಲಿಗೆ 5 ರೂಪಾಯಿ. ಗ್ರಾಹಕರು ಫೋನಿನಲ್ಲಿ ಒಪ್ಪಿ ಒಟಿಪಿ ಹೇಳಿದರೆ ಮಾತ್ರ ಅಲ್ಲಿ ಕೊಡುತ್ತೇವೆ. ಬೆಲೆಬಾಳುವ ವಸ್ತು, ಔಷಧಿ ಕೊಡುವುದಿಲ್ಲ. ಸಂಜೆಯ ಮರುಸುತ್ತು ಬಹುಪಾಲು ನಿಂತೇ ಹೋಯಿತು.

ಮಧ್ಯಾಹ್ನದ ಲೋಡಿಗೂ ಒಂದು ಕ್ರಮ ತಂದೆವು. ಆ್ಯಪ್ ಇವತ್ತೇ ಕೊಡುತ್ತೇವೆ ಅಂತ ಮಾತು ಕೊಟ್ಟಿರುತ್ತದೆ. "ನಾಳೆ ಬೆಳಿಗ್ಗೆ ಕೊಟ್ರೆ ಸಾಕಾ?" ಅಂತ ಕೇಳಿದರೆ ಹೆಚ್ಚಿನವರು "ಅಯ್ಯೋ, ಪರವಾಗಿಲ್ಲ" ಅನ್ನುತ್ತಾರೆ. ಚಪ್ಪಲಿ, ಫೋನ್ ಕವರ್ ಯಾರಿಗೂ ಸಂಜೆಯೊಳಗೆ ಬೇಕಾಗಿರುವುದಿಲ್ಲ. ಆದರೆ ಆ್ಯಪ್‌ನಲ್ಲಿ ಹಾಗೆ ಕೇಳುವವರೇ ಇಲ್ಲ. ಆರ್ಡರ್ ಮಾಡುವಾಗಲೇ "ನಿಧಾನವಾಗಿ ಬರಲಿ" ಅಂತ ಒಂದು ಬಟನ್ ಕೊಡಿ ಎಂದು ಕಂಪನಿಗೆ ಎರಡು ಸಲ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ. ಬೇಗ ಕೊಡುವ ಪೈಪೋಟಿ ಹೀಗೇ ಇದ್ದರೆ ಯಾವ ಗಾಡಿ ತಂದರೂ ಅರ್ಧ ಖಾಲಿ ಬ್ಯಾಗ್ ಹೊತ್ತುಕೊಂಡೇ ಓಡಬೇಕು.

ಇಷ್ಟೆಲ್ಲ ಆಗುವಷ್ಟರಲ್ಲಿ ಸರಾಸರಿ 70 ಕಿ.ಮೀ. ಇದ್ದದ್ದು 50ಕ್ಕೆ ಇಳಿಯಿತು. ಆಗಲೇ ನನಗೆ ಹೊಳೆದಿದ್ದು. ಲಿಥಿಯಂ ಬ್ಯಾಟರಿಯ ಸಾಧಾರಣ ಸ್ಕೂಟರ್, ಅಂದರೆ 2 ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟ್ ಹಿಡಿಯುವ ಬ್ಯಾಟರಿ, ಲೋಡ್ ಹೊತ್ತು 60 ಕಿ.ಮೀ. ಆಸುಪಾಸು ಓಡುತ್ತದೆ. 70ಕ್ಕೆ ಅದು ಸಾಲುತ್ತಿರಲಿಲ್ಲ, ದೊಡ್ಡ ಬ್ಯಾಟರಿಯ ದುಬಾರಿ ಗಾಡಿಯೇ ಬೇಕಿತ್ತು. 50ಕ್ಕೆ ಧಾರಾಳವಾಗಿ ಸಾಲುತ್ತದೆ. ಮೊದಲ ಸಲ ನಾನು ಗಾಡಿ ತಂದು ಆಮೇಲೆ ದಾರಿ ಹುಡುಕಿದ್ದೆ.

ಎರಡನೇ ಸಲ 2023ರ ಮೇ ತಿಂಗಳಲ್ಲಿ ಆರು ಸ್ಕೂಟರ್ ತಂದೆವು. ಜೂನ್‌ನಿಂದ ಕೇಂದ್ರದ ಸಬ್ಸಿಡಿ ಬ್ಯಾಟರಿ ಹಿಡಿಯುವ ಪ್ರತಿ ಯೂನಿಟ್ಟಿಗೆ 15,000ದಿಂದ 10,000 ರೂಪಾಯಿಗೆ ಇಳಿಯುವುದಿತ್ತು. ಹಾಗಾಗಿ ಓಡಾಡಿ ತಗೊಂಡೆವು. ಕಟ್ಟಡದ ಮಾಲೀಕರಿಗೆ ಭಯ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಅವರು ಮರೆತಿರಲಿಲ್ಲ. ಅವರ ಭಯದಲ್ಲಿ ತಪ್ಪೇನಿಲ್ಲ. ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತದಲ್ಲಿ ಬಿಗಿಯಾಗಿತ್ತು. ಅದಾದ ಮೇಲೆ ತಯಾರಾದ ಗಾಡಿಗಳನ್ನೇ ತಂದು ಕಾಗದ ತೋರಿಸಿದೆ. ಎಕ್ಸ್‌ಟೆನ್ಶನ್ ಬೋರ್ಡ್ ಇಲ್ಲ. ಪ್ರತಿ ಗಾಡಿಗೂ ಬೇರೆ ಪ್ಲಗ್, ಕರೆಂಟ್ ಜಾಸ್ತಿಯಾದರೆ ತಾನೇ ಕಡಿಯುವ ಎಂಸಿಬಿ ಸ್ವಿಚ್. ಬಿಸಿಯಾಗಿರುವ ಬ್ಯಾಟರಿಯನ್ನು ಅರ್ಧ ಗಂಟೆ ತಣ್ಣಗಾಗಲು ಬಿಡದೆ ಚಾರ್ಜ್ ಹಾಕುವಂತಿಲ್ಲ. ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಂಡು ಬೇರೆ ಮೀಟರ್ ಹಾಕಿಸಿದೆವು. ಚಾರ್ಜಿಂಗ್‌ಗೆ ಬೇರೆ ದರ ಇದೆ, ಅಂಗಡಿ ದರಕ್ಕಿಂತ ಕಡಿಮೆ.

ಚಾರ್ಜ್ ಮಾಡುವ ಹೊತ್ತನ್ನೂ ಬದಲಿಸಿದೆವು. ಹುಡುಗರು ಒಂದು ಗಂಟೆಗೆ ಊಟಕ್ಕೆ ಬರುತ್ತಾರೆ, ನಾಲ್ಕಕ್ಕೆ ಮತ್ತೆ ಹೊರಡುತ್ತಾರೆ. ಆ ಹೊತ್ತಲ್ಲೇ ಪ್ಲಗ್ ಹಾಕುತ್ತೇವೆ. ಪಾವಗಡದಂಥ ಕಡೆಯಿಂದ ಬಿಸಿಲಿನ ಕರೆಂಟ್ ಜಾಸ್ತಿ ಬರುವುದು ಹಗಲಲ್ಲೇ. ರಾತ್ರಿ ಕಲ್ಲಿದ್ದಲಿನ ಪಾಲು ಹೆಚ್ಚು.

ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಅಂದುಕೊಂಡರೆ 70 ಕಿ.ಮೀ.ಗೆ ಸುಮಾರು 3.6 ಕೆ.ಜಿ. ಪೆಟ್ರೋಲ್ ಗಾಡಿಯಲ್ಲೇ 50ಕ್ಕೆ ಇಳಿಸಿದಾಗ 2.6. ಅದೇ 50 ಕಿ.ಮೀ. ಬ್ಯಾಟರಿ ಗಾಡಿಗೆ ಚಾರ್ಜಿಂಗ್ ನಷ್ಟ ಬಿಟ್ಟು ಸುಮಾರು 1.7 ಯೂನಿಟ್ ಸಾಕು. ದೇಶದ ಕರೆಂಟಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಬೀಳುತ್ತದೆ. ಅಂದರೆ 1.2 ಕೆ.ಜಿ. ಸೊನ್ನೆ ಅಲ್ಲ. ಬ್ಯಾಟರಿ ಗಾಡಿ ಅಂದರೆ ಹೊಗೆಯೇ ಇಲ್ಲ ಅಂತ ಸುಮ್ನೆ ಬೋರ್ಡ್ ಹಾಕಿಕೊಳ್ಳುವುದು ನನಗೆ ಇಷ್ಟವಿಲ್ಲ. ಆದರೂ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ, ಅದು ಸಣ್ಣ ಮಾತಲ್ಲ.

ರೈಡರ್‌ಗೆ ಲಾಭ ಇಲ್ಲದಿದ್ದರೆ ಇದ್ಯಾವುದೂ ನಿಲ್ಲುವುದಿಲ್ಲ. ಅವರಿಗೆ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು. ಪೆಟ್ರೋಲ್ ಅವರದೇ ಖರ್ಚು, ದಿನಕ್ಕೆ 160 ರೂಪಾಯಿ ಹೋಗುತ್ತಿತ್ತು. ಈಗ ಗಾಡಿ ಹಬ್‌ನದು, ಕರೆಂಟೂ ಹಬ್‌ನದು. ಅವರು ದಿನಕ್ಕೆ 80 ರೂಪಾಯಿ ಬಾಡಿಗೆ ಕೊಡುತ್ತಾರೆ, ಉಳಿದ 80 ಅವರಿಗೇ ಉಳಿಯುತ್ತದೆ. ಕಂತಿಗೆ ಈ ಬಾಡಿಗೆ ಸಾಲುವುದಿಲ್ಲ, ಉಳಿದದ್ದನ್ನು ನಾನು ಹಾಕುತ್ತೇನೆ. ಆದರೆ ಹುಡುಗರು ಬಿಟ್ಟು ಹೋಗುವುದು ಕಡಿಮೆಯಾಗಿದೆ. ಹೊಸಬರಿಗೆ ಬೀಟ್ ಕಲಿಸುವ ಖರ್ಚು ಉಳಿಯಿತು. ಆಮೇಲೆ ಬಾಡಿಗೆಗೆ ಸಿಗುವ, ಬ್ಯಾಟರಿ ಬದಲಿಸಿಕೊಳ್ಳುವ ನಿಧಾನದ ಗಾಡಿಗಳು ಮೂರು ಬಂದವು. ಗಂಟೆಗೆ 25 ಕಿ.ಮೀ. ದಾಟದ ಆ ಗಾಡಿಗಳಿಗೆ ಲೈಸೆನ್ಸ್ ಬೇಡ. ಅದರಿಂದಲೇ ಇಬ್ಬರು ಹೆಣ್ಣುಮಕ್ಕಳು ಹತ್ತಿರದ ಬೀಟ್‌ಗಳಿಗೆ ಸೇರಿದರು.

ಡಬ್ಬಗಳ ವಿಷಯ ಚಿಕ್ಕದು. ಗ್ರಾಹಕರು ಬೇಡ ಅಂದ ರಟ್ಟಿನ ಡಬ್ಬ, ಬಬಲ್ ರ‍್ಯಾಪ್ ವಾಪಸ್ ತಂದು ವಾರಕ್ಕೊಮ್ಮೆ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕೊಡುತ್ತೇವೆ. ಟೇಪ್ ಕಿತ್ತು ಕೊಟ್ಟರೆ ಅವರು ಖುಷಿಯಿಂದ ತಗೊಳ್ಳುತ್ತಾರೆ.

ಇನ್ನೂ ಮೂರು ಪೆಟ್ರೋಲ್ ಗಾಡಿ ಉಳಿದಿವೆ. ಉತ್ತರಹಳ್ಳಿ ಆಚೆಯ ಬೀಟ್‌ಗಳು ಉದ್ದ, ಸಾಮಾನೂ ಭಾರ. ಮಿಕ್ಸಿ, ಫ್ಯಾನ್, ಅಕ್ಕಿ ಮೂಟೆ. ಅದಕ್ಕೆ ಒಂದು ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ ನೋಡಿಟ್ಟಿದ್ದೇವೆ. ನಮ್ಮ ಗೇಟು ಅದಕ್ಕೆ ಅರ್ಧ ಅಡಿ ಕಿರಿದು. ಗೋಡೆ ಒಡೆಯಲು ಮಾಲೀಕರು ಹೋದ ವಾರ ಒಪ್ಪಿದ್ದಾರೆ.